ಬಳಿ ಹೆಚ್ಚಿದ್ವು ಅಂತ ಬರಿ

ಹೆಂಗಸರಿಗಿಂತ ಹೆಚ್ಚು ಗಾಜಿನ ಬಳೆ ಕೊಂಡ ಗಂಡಸನ್ನು ನೀವು ಎಲ್ಲಾದರೂ ಕಂಡೀರೇನು? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು ಬಂತು, ಅವರ ಮನೆಯಲ್ಲೇ ಎರಡು ವರ್ಷ ಉಂಡಿದ್ದೇನೆ! ಅವರು ನಮ್ಮ ಕಾಕಾ, ನಮ್ಮಪ್ಪನ ಖಾಸಾ ತಮ್ಮ. ಅಣ್ಣಿಗೇರಿಯ ಬಳೆಗಾರ ನಮ್ಮ ಓಣಿಗೆ ಬಂದರೆ ಯಾವ ಅಕ್ಕನನ್ನೂ ಕೂಗುತ್ತಿರಲಿಲ್ಲ, "ಹಡಗಿನ ಕಾಕಾರು ಅದಾರೇನ್ರಿ?" ಎಂದೇ ಕೂಗುತ್ತಿದ್ದ. ಕಾಕಾ ಹೊರಗೆ ಬಂದು, "ಬಣ್ಣ ಯಾವುದರ ಇರಲಿ, ಅಗದಿ ತೆಳ್ಳಂದು ಕೊಡು. ಮುಟ್ಟಿದ್ರ ಪಟ್ ಅನಬೇಕು" ಅನ್ನುತ್ತಿದ್ದರು. ತನ್ನ ಬಳೆ ಗಟ್ಟಿ ಗಟ್ಟಿ ಎಂದು ಆಣೆ ಮಾಡಿ ಮಾರುತ್ತಿದ್ದ ಆ ಬಡಪಾಯಿಗೆ ಇಂಥ ಗಿರಾಕಿ ಹಿಂದೆಂದೂ ಸಿಕ್ಕಿರಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ಹಡಗಿನ ನೌಕರಿ ಮುಗಿಸಿದ ಕಾಕಾ ಒಂದು ಕಬ್ಬಿಣದ ಟ್ರಂಕು, ಒಂದು ಬಿಳಿ ಟೊಪ್ಪಿಗೆ ಮತ್ತು ಏಳು ಬೆರಳಿನೊಂದಿಗೆ ಊರಿಗೆ ಮರಳಿದ್ದರು. ನಾನು ಆಗಷ್ಟೇ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಸೇರಿ ಅವರ ಮನೆಯಲ್ಲೇ ಉಳಿದುಕೊಂಡಿದ್ದೆ.

ಹಡಗಿನಲ್ಲಿ ಕಾಕಾನ ಕೆಲಸವೇನು? ಹಡಗಿನ ಹೊಟ್ಟೆಯಲ್ಲಿ ತೋಪಿನ ಗುಂಡುಗಳ ಕೋಣೆ. ಅಲ್ಲಿ ನಿಂತು ಒಂದೊಂದೇ ಗುಂಡನ್ನು ಎತ್ತಿ ಸರಪಳಿಯ ಲಿಫ್ಟಿನ ಬಾಯಿಗೆ ಕೊಡುವುದು. ಲಿಫ್ಟು ಅದನ್ನು ಮೇಲೆ ತೋಪಿನವರಿಗೆ ಮುಟ್ಟಿಸುತ್ತದೆ. ಇಷ್ಟನ್ನೆಲ್ಲ ಊರವರಿಗೆ ಬಿಡಿಸಿ ಹೇಳುವ ತಾಳ್ಮೆ ಕಾಕಾನಿಗೆಲ್ಲಿ? ಸೂಟಿಯ ಮೇಲೆ ಬಂದಾಗ ಯಾರೋ ಕೇಳಿದ್ದಕ್ಕೆ, "ಗುಂಡು ಎತ್ತತೀನ್ರಿ" ಅಂದುಬಿಟ್ಟಿದ್ದರಂತೆ.

ನಮ್ಮ ಕಡೆ ಗುಂಡು ಎತ್ತುವುದೆಂದರೆ ಗೊತ್ತಲ್ಲ? ಹಣಮಪ್ಪನ ಗುಡಿಯ ಮುಂದೆ ಬಿದ್ದಿರುವ ಉರುಟು ಕಲ್ಲನ್ನು ಪೈಲವಾನರು ಹೆಗಲಿಗೇರಿಸುವುದು. ಸರಕಾರ ಇಷ್ಟು ದೂರ ಕರೆದೊಯ್ದು ಪಗಾರ ಕೊಟ್ಟು ಗುಂಡು ಎತ್ತಿಸುತ್ತದೆ ಎಂದರೆ ಇವನೆಂಥ ಪೈಲವಾನ ಇರಬೇಡ! ಮರುದಿನವೇ ಹಿರಿಯರೆಲ್ಲ ಸೇರಿ ಕಾಕಾನನ್ನು ಗುಡಿಯ ಮುಂದೆ ನಿಲ್ಲಿಸಿದರು. ಕಾಕಾ ಗಾಬರಿಯಾಗಲಿಲ್ಲ. ಕಲ್ಲಿನ ಸುತ್ತ ಒಂದು ಸುತ್ತು ಬಂದರು, ದಾರ ಹಿಡಿದು ಅಳೆದರು, ಗಂಭೀರವಾಗಿ ತಲೆಯಾಡಿಸಿದರು.

"ಎತ್ತಬಹುದಿತ್ರಿ. ಆದ್ರ ಇದು ನಮ್ಮ ತೋಪಿಗೆ ಹಿಡಿಸೂದಿಲ್ಲ."

ಹಿರಿಯರು ಹೌದ್ಹೌದೆಂದು ಮನೆಗೆ ಹೋದರು.

ಇನ್ನು ಆ ಏಳು ಬೆರಳಿನ ಕಥೆ. ಕಾಕಾನ ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ನಡುವಿನ ಮೂರು ಎಲ್ಲಿ ಹೋದವು? ಯಾರು ಕೇಳಿದರು ಎನ್ನುವುದರ ಮೇಲೆ ಉತ್ತರ! ನನ್ನ ಶಾಲೆಯ ಹುಡುಗಿಯರಿಗೆ ಸಮುದ್ರದ ಮೊಸಳೆ ನುಂಗಿತು. ಕಿರಾಣಿ ಅಂಗಡಿಯವರಿಗೆ ವೈರಿಯ ತೋಪು. ಬಸ್ಸಿನ ಕಂಡಕ್ಟರನಿಗೆ ಮುಂಬೈ ಲೋಕಲ್ ಗಾಡಿ. ತಮ್ಮ ಅತ್ತೆಯವರಿಗಂತೂ ಮುಖ ನೋಡಿಯೇ ಹೇಳಿದರು: "ನೀವು ಕಟ್ಟಿ ಕಳಿಸಿದ್ದ ಕಟಕ್ ರೊಟ್ಟಿ ಮುರಿಯೂ ಮುಂದ ಹೋದ್ವು ನೋಡ್ರಿ." ಆ ತಾಯಿ ಒಂದು ವರ್ಷ ಅಳಿಯನ ಜೊತೆ ಮಾತು ಬಿಟ್ಟಿದ್ದರು. ಖರೆ ಏನೆಂದು ಕಾಕಾ ಯಾರ ಮುಂದೂ ಬಾಯಿ ಬಿಡಲಿಲ್ಲ.

ಹೀಗಿರುವಾಗ ಮುಂಬೈಯಿಂದ ಒಂದು ಪತ್ರ ಬಂತು. ಕಾಕಾನ ಹಳೆಯ ಸಾಹೇಬರು ಈಗ ಹಡಗಿನ ತೋಪುಗಳನ್ನು ಸುಧಾರಿಸುವ ಒಂದು ವರ್ಕಶಾಪಿನಲ್ಲಿದ್ದರು. ಹಳೆಯ ಲಿಫ್ಟು ತೆಗೆದು ಹೊಸದು ಕೂಡಿಸುತ್ತಿದ್ದೇವೆ, ಗುಂಡನ್ನು ಆದಷ್ಟು ಮಟ್ಟಿಗೆ ಮಶೀನೇ ಎತ್ತಿಕೊಳ್ಳಬೇಕು, ಮಶೀನೇ ಮೇಲೆ ಒಯ್ಯಬೇಕು, ನೀನು ಆ ಲಿಫ್ಟಿನ ಜೊತೆ ಬಾಳುವೆ ಮಾಡಿದವನು, ಏನು ಬದಲಾಗಬೇಕು ಬರೆ ಎಂದಿದ್ದರು.

ಅವರೇನೋ ಒಂದು ಕಾಗದ ಕೇಳಿದರು. ಕಾಕಾ ಮನೆಯನ್ನೇ ಹಡಗು ಮಾಡಿಬಿಟ್ಟರು!

ಹಳೆಯ ಸೈಕಲ್ ಚೈನುಗಳನ್ನು ಒಂದಕ್ಕೊಂದು ಜೋಡಿಸಿ ಪಡಸಾಲೆಯಿಂದ ಬೆಳಕಿಂಡಿಯ ಮೂಲಕ ಮಾಳಿಗೆಯ ಮೇಲಕ್ಕೆ ಏರಿಸಿದರು. ತಿರುಗಿಸಲು ಹೊಲಿಗೆ ಮಶೀನಿನ ಗಾಲಿ. ಗುಂಡು ಯಾವುದು? ಮನೆಯ ಹಿತ್ತಾಳೆ ಚರಿಗೆಗಳು! ಒಂದೊಂದರಲ್ಲೂ ಉಸುಕು ತುಂಬಿ, ಬಾಯಿಗೆ ಅರಿವೆ ಬಿಗಿದು, ನಂಬರು ಬರೆದರು. ನವಲಗುಂದದಿಂದ ಬಂದ ಬೀಗರೊಬ್ಬರು ಬೆಳಗಿನ ಅವಸರದಲ್ಲಿ ಒಂದು ಚರಿಗೆ ಎತ್ತಿಕೊಂಡು ಬಯಲಿಗೆ ಹೋಗಿ ಪಟ್ಟ ಪಾಡನ್ನು ನಾನು ಇಲ್ಲಿ ಬರೆಯಲಾರೆ.

ಕಾಕಾನ ತಲೆಯಲ್ಲಿದ್ದದ್ದು ಒಂದೇ ಮಾತು. "ಮಶೀನ್ ಜೋರಾಗಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದಕ್ಕ ಗುಂಡು ಯಾವುದು, ಕೈ ಯಾವುದು ಗೊತ್ತಾಗಬೇಕು." ಅದಕ್ಕೆಂದು ಲಿಫ್ಟಿನ ಬಾಯಿಗೆ ಒಂದು ತೆಳು ಹಲಗೆ, ಅದಕ್ಕೆ ಇಲಿ ಬೋನಿನ ಸ್ಪ್ರಿಂಗು. ಚರಿಗೆ ನೆಟ್ಟಗೆ ಹೋದರೆ ಹಲಗೆ ಸುಮ್ಮನಿರಬೇಕು; ಬೇರೇನು ತಾಕಿದರೂ ಸ್ಪ್ರಿಂಗು ಬಡಿದು, ಗಾಲಿಗೆ ಗೂಟ ಬಿದ್ದು, ಸರಪಳಿ ನಿಲ್ಲಬೇಕು. ಪರೀಕ್ಷೆಗೆ ತಮ್ಮ ಹೆಂಡತಿ, ಅಂದರೆ ನಮ್ಮ ಕಾಕಿಯ ಹಳೆಯ ಜಂಪರಿನ ತೋಳಿನಲ್ಲಿ ಹತ್ತಿ ತುರುಕಿ ಒಂದು ಕೈ ಮಾಡಿ, ಅದಕ್ಕೆ ಬಳೆ ತೊಡಿಸಿದರು. ಬಳೆ ಉಳಿದರೆ ಕೈ ಉಳಿದ ಹಾಗೆ. ಈಗ ತಿಳಿಯಿತಲ್ಲ, ಬಳೆಗಾರನ ಭಾಗ್ಯ?

ಮೊದಲ ದಿನ ಹಲಗೆ ಅಲುಗಲೇ ಇಲ್ಲ. ಹತ್ತಿಯ ಕೈ ಸರಪಳಿಗೆ ಸಿಕ್ಕು, ಬಳೆಯ ಚೂರು ಉದುರಿಸುತ್ತ ಸರಸರ ಮೇಲೇರಿತು. ಬಾಜೂ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಅಜ್ಜಿ ನೋಡುವುದೇನು? ಬೆಳಕಿಂಡಿಯಿಂದ ಹೆಂಗಸಿನ ಕೈಯೊಂದು ಬರುತ್ತಿದೆ! "ಅಯ್ಯಯ್ಯs, ಹಡಗಿನಾಂವ ಹೇಂತಿ ಕೈ ಕಡದಾನ್ರಪೋ!" ಎಂದು ಆಕೆ ಕಿರುಚಿದ್ದಕ್ಕೆ ಓಣಿಯೆಲ್ಲ ಬಾಗಿಲಿಗೆ ಬಂತು. ಕಾಕಿ ರೊಟ್ಟಿ ಬಡಿಯುತ್ತಿದ್ದವರು ಎದ್ದು ಬಂದು, ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿ ತೋರಿಸಿದರು.

"ಎರಡೂ ಅದಾವು. ಎಣಿಸಿಕೊಂಡು ಹೋಗ್ರಿ."

ಆದರೆ ಕಾಕಿಗೆ ಒಂದು ಮಾತು ಸೇರುತ್ತಿರಲಿಲ್ಲ. ಮುತ್ತೈದೆಯಿರುವ ಮನೆಯಲ್ಲಿ ಬಳೆ ಒಡೆಯಿತು ಅನ್ನುವುದುಂಟೆ? "ಹೆಚ್ಚಿದ್ವು ಅನ್ರಿ" ಎಂದು ಕಟ್ಟಪ್ಪಣೆ ಮಾಡಿದರು. ಮುಂಬೈಗೆ ಪತ್ರ ಬರೆಯುವ ಕೆಲಸ ನನ್ನದು. ಕಾಕಾ ಹೆಂಡತಿಯ ಮುಖ ನೋಡುತ್ತ, "ಬರಿ ಯವ್ವಾ, ಮದಲ್ನೇ ವಾರ ಹನ್ನೊಂದು ಬಳಿ ಹೆಚ್ಚಿದ್ವು ಅಂತ ಬರಿ. ಎರಡ್ನೇ ವಾರ ಒಂಬತ್ತು ಹೆಚ್ಚಿದ್ವು" ಎಂದು ಹೇಳಿದರು. ಹೊಸ ಟೀಚರು ನಾನು, ಇಂಗ್ಲಿಷಿನ ಉಮೇದು ಬೇರೆ! ಮಾತಿಗೆ ಮಾತು ಇಟ್ಟು ಬರೆದು ಕಳಿಸಿದೆ.

ಸಾಹೇಬರ ಉತ್ತರ ಬಂತು: "ನಿನ್ನ ಯಂತ್ರದಿಂದ ವಾರವಾರವೂ ಬಳೆಗಳು ಹೆಚ್ಚುತ್ತಿರುವುದು ಸಂತೋಷ. ಆದರೆ ನಾವು ಕೇಳಿದ್ದು ಗುಂಡು ಎತ್ತುವ ಯಂತ್ರ, ಬಳೆ ಮಾಡುವುದಲ್ಲ."

ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಕಾಕಿ ಸೆರಗು ಬಾಯಿಗಿಟ್ಟು ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ನಕ್ಷೆಗಳನ್ನು ಈ ತಿಂಗಳು ಅಖೈರು ಮಾಡುತ್ತೇವೆ, ಕೈಯನ್ನು ಗುರುತಿಸುವ ಉಪಾಯ ಖರೆಯೇ ನಡೆದರೆ ಕೂಡಲೇ ತಿಳಿಸು.

ಅಂದಿನಿಂದ ಕಾಕಾ ಊಟ ಮರೆತರು. ಸ್ಪ್ರಿಂಗು ಬದಲಿಸಿದರು, ಹಲಗೆ ಹೆರೆದರು, ಗೂಟ ತಿದ್ದಿದರು. ಮೂರು ದಿನ ಸರಪಳಿ ಕೈ ತಾಕಿದ ಕೂಡಲೇ ನಿಂತಿತು, ಒಂದೂ ಬಳೆ ಹೋಗಲಿಲ್ಲ. ನಾನು ಕುಣಿದಾಡಿದೆ. "ಬರೀಲೇನ್ರಿ ಕಾಕಾ?"

"ಬ್ಯಾಡ. ಹತ್ತಿ ಕೈ ಖರೆ ಕೈ ಅಲ್ಲ ಬೇ. ಖರೆ ಕೈ ಅಂಜತೈತಿ, ಜಗ್ಗತೈತಿ. ಅದರ ಮ್ಯಾಲೆ ನೋಡದ ನಾ ಹೆಂಗ ಬರಸಲಿ?"

ತಾವೇ ನೋಡಲು ಹೋದರು. ಎಡಗೈ ಲಿಫ್ಟಿನ ಬಾಯಿಯ ಹತ್ತಿರ ಹೋಯಿತು, ಹಿಂದೆ ಬಂತು. ಎರಡು ಸಲ, ಮೂರು ಸಲ. ಮೊಸಳೆಗೆ ಬೆರಳು ಕೊಟ್ಟ ಶೂರ ಇಲಿ ಬೋನಿಗೆ ಅಂಜಿದ್ದನ್ನು ನೋಡಿ ನನಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಮರುದಿನದ ಟಪಾಲು ತಪ್ಪಿದರೆ ಮುಗಿಯಿತು. "ಇನ್ನೊಂದು ಸಲ ಹತ್ತಿ ಕೈನs ನೋಡೂಣು" ಎಂದು ಕಾಕಾ ಮೇಲೆ ಬರುವ ಚರಿಗೆ ಇಳಿಸಿಕೊಳ್ಳಲು ಮಾಳಿಗೆ ಏರಿದರು. ನಾನು ಗಾಲಿ ತಿರುಗಿಸತೊಡಗಿದೆ. ಚರಿಗೆಗಳು ಒಂದರ ಹಿಂದೊಂದು ಮೇಲೇರುತ್ತಿದ್ದವು. ಒಲೆಯ ಮುಂದಿನಿಂದ ಕಾಕಿ ಎದ್ದು ಬಂದರು. ಸೆರಗಿಗೆ ಹಿಟ್ಟು ಒರೆಸಿಕೊಂಡರು. ನಾನು ಬ್ಯಾಡ್ರಿ ಅನ್ನುವಷ್ಟರಲ್ಲಿ ಹಸಿರು ಬಳೆಯ ಕೈಯನ್ನು ಸೀದಾ ಲಿಫ್ಟಿನ ಬಾಯಿಗೆ ಇಟ್ಟುಬಿಟ್ಟರು!

ಚಟ್ ಅಂತು. ಗಾಲಿ ನನ್ನ ಕೈಯಲ್ಲೇ ಬಿಗಿಯಿತು. ಸರಪಳಿ ನಿಂತಿತು.

ಯಾಕೆ ನಿಂತಿತೆಂದು ಬೆಳಕಿಂಡಿಯಲ್ಲಿ ಇಣುಕಿದ ಕಾಕಾ ಏನೋ ಕೂಗಿದರು, ಅದು ಮಾತಾಗಿರಲಿಲ್ಲ. ನಿಚ್ಚಣಿಕೆ ಹೇಗೆ ಇಳಿದರೋ ದೇವರಿಗೇ ಗೊತ್ತು. ಕಾಕಿಯ ಕೈ ಹಿಡಿದು ಒಂದೊಂದೇ ಬೆರಳು ಮುಟ್ಟಿ ನೋಡಿದರು.

"ಹುಚ್ಚಿ ಅದೀಯೇನು? ನಂದೂ ಹಿಂಗs ಹೋತು! ಮೊಸಳಿ ಇಲ್ಲ, ವೈರಿ ಇಲ್ಲ. ಬರೇ ಕವಾಯತಿತ್ತು, ಮುಂಜಾನಿ ಚಾನೂ ಕುಡದಿದ್ದಿಲ್ಲ. ಮ್ಯಾಲೆ ಲಿಫ್ಟ್ ನಡಸಾಂವಗ ನನ್ನ ಕೈ ಕಾಣಲಿಲ್ಲ. ಅಂವಂದೇನೂ ತಪ್ಪಿಲ್ಲ. ಮಶೀನಿಗೆ ಗೊತ್ತಾಗಲಿಲ್ಲ, ಅಷ್ಟs."

"ನಂಗ ಗೊತ್ತೈತ್ರಿ," ಅಂದರು ಕಾಕಿ. "ನಿದ್ದ್ಯಾಗ ಎಷ್ಟ ಸಲ ಹೇಳೀರಿ. ಈ ಮಶೀನಿಗೆ ಗೊತ್ತಾತು ನೋಡ್ರಿ."

ಕಾಕಾ ಹೆಂಡತಿಯ ಕೈಯನ್ನು ತಮ್ಮ ಎರಡು ಬೆರಳಿನ ಕೈಯಲ್ಲಿ ಹಿಡಿದುಕೊಂಡೇ ಕಣ್ಣು ಒರೆಸಿಕೊಂಡರು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ? ಆಮೇಲೆ ಕಾಗದ ತೆಗೆದು ಕೇಳಿದೆ, "ಏನಂತ ಬರೀಲಿ? ಬಳಿ ಹೆಚ್ಚಲಿಲ್ಲ ಅಂತನೋ?"

ಕಾಕಿಯೇ ಹೇಳಿದರು: "ಒಡೀಲಿಲ್ಲ ಅಂತs ಬರಿ. ಇವತ್ತ ಅನ್ನಬಹುದು."

ಮೂರು ತಿಂಗಳ ಮೇಲೆ ಸಾಹೇಬರ ಪತ್ರ ಬಂತು. ಕಾಕಾನ ಹಲಗೆಯನ್ನು ಹೊಸ ಲಿಫ್ಟಿನ ಬಾಯಿಗೆ ಕೂಡಿಸಿ ನೋಡುತ್ತಿದ್ದೇವೆ, ಇಲಿ ಬೋನಿನ ಬದಲು ಕರೆಂಟು ಹಾಕಿದ್ದೇವೆ ಎಂದಿದ್ದರು. ಕಾಕಾ ಚರಿಗೆಗಳ ಉಸುಕು ಸುರಿದು, ತೊಳೆದು, ಮನೆಯವರಿಗೆ ಮರಳಿ ಕೊಟ್ಟರು. ನವಲಗುಂದದ ಬೀಗರು ನೆಮ್ಮದಿಯ ಉಸಿರು ಬಿಟ್ಟರು.

ಅದರ ಮರುವಾರ ನನ್ನ ಶಾಲೆಯ ಹೊಸ ಹುಡುಗಿಯೊಬ್ಬಳು ಕಟ್ಟೆಯ ಮೇಲೆ ಕೂತಿದ್ದ ಕಾಕಾನ ಕೈ ನೋಡಿ, "ಬೆರಳು ಎಲ್ಲಿ ಹೋದ್ವರಿ ಅಜ್ಜಾರ?" ಎಂದು ಕೇಳಿದಳು. ಮೊಸಳೆ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಕಾಕಾ ಕೈಯನ್ನು ಅವಳ ಮುಂದೆ ಚಾಚಿದರು.

"ಮಶೀನಿನ್ಯಾಗ ಹೋದ್ವು ಯವ್ವಾ. ಇನ್ನ ಮ್ಯಾಲೆ ಯಾರವೂ ಹೋಗೂದಿಲ್ಲ."