ಅಕ್ಕನ ತೋಳಿಗೆ ಭಾವನ ಕ್ಯಾಮೆರಾ

ಕಳ್ಳನನ್ನಾದರೂ ಕ್ಷಮಿಸಿಯಾರು ನಮ್ಮ ಭಾವ, ಮಂಡಿ ಬಗ್ಗಿಸಿ ಪಾದ ಮುಟ್ಟುವವರನ್ನು ಮಾತ್ರ ಕ್ಷಮಿಸುವುದಿಲ್ಲ! ಉತ್ಪ್ರೇಕ್ಷೆ ಅಂದುಕೊಂಡಿರಾ? ಮನೆಗೆ ಬಂದವರಿಗೆ ನೀವು ನಾವಾದರೆ ಮೊದಲು ನೀರು ಕೊಡುತ್ತೇವೆ. ನಮ್ಮ ಭಾವ ಮೊದಲು ಬಗ್ಗಿಸಿ ನೋಡುತ್ತಾರೆ. ಇಂಥವರ ಕೈಗೆ ನಮ್ಮಕ್ಕನ ಮುರಿದ ತೋಳು ಸಿಕ್ಕಿದರೆ ಏನಾಗಬೇಡ ಹೇಳಿ!

ಭಾವ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೃಷ್ಣರಾಜನಗರದಲ್ಲಿ ಮದುವೆ ವೀಡಿಯೋ ತೆಗೆಯುವವನೊಬ್ಬ ಹೊಸ ಕ್ಯಾಮೆರಾ ಕೊಂಡು, ಹಳೆಯದನ್ನು ಇವರಿಗೆ ದಾಟಿಸಿದ. ಹೆಗಲ ಮೇಲಿಟ್ಟುಕೊಂಡರೆ ನೀರಿನ ಬಿಂದಿಗೆ ಹೊತ್ತಂತೆ ಕಾಣುವ ಕ್ಯಾಮೆರಾ ಅದು. ಓಡುವ, ನೆಗೆಯುವ ಹುಡುಗರನ್ನು ಅದರಲ್ಲಿ ಹಿಡಿದು, ಟಿ.ವಿ.ಯಲ್ಲಿ ನಿಲ್ಲಿಸಿ, ಮೊಣಕೈ ಎಷ್ಟು ಮಡಚಿತು, ಮಂಡಿ ಎಷ್ಟು ಎದ್ದಿತು ಎಂದು ಅಳೆಯುವುದು ಭಾವನ ಮಹಾಯೋಜನೆ. ಕೀಲುಗಳು ಎದ್ದು ಕಾಣಬೇಕಲ್ಲ? ಅದಕ್ಕೆ ಭುಜ, ಮೊಣಕೈ, ಸೊಂಟ, ಮಂಡಿಗೆಲ್ಲ ಹೆಂಗಸರು ಹಣೆಗಿಡುವ ಸ್ಟಿಕ್ಕರ್ ಬೊಟ್ಟು!

"ಮದ್ವೆ ಆದಾಗಿಂದ ನಂಗೊಂದು ಬೊಟ್ಟು ತಂದ್ಕೊಟ್ಟೋರಲ್ಲ," ಎಂದು ಅಕ್ಕ ನನ್ನ ಹತ್ತಿರ ಹೇಳಿ ನಕ್ಕಳು. "ಈಗ ಪ್ಯಾಕೆಟ್‌ಗಟ್ಲೆ ತತ್ತಾವ್ರೆ. ಐಕ್ಳ ಮಂಡಿಗೆ ಕಣೆ!"

ಹುಣಸೂರಿನಿಂದ ಬಸ್ಸಿನಲ್ಲಿ ಹೋದ ನನ್ನನ್ನೂ ಅವರು ಬಿಡಲಿಲ್ಲ. ಬ್ಯಾಗು ಕೆಳಗಿಡುವ ಮೊದಲೇ ಚೂಡಿದಾರದ ಮೇಲೆ, ಸೊಂಟಕ್ಕೊಂದು ಮಂಡಿಗೊಂದು ಬೊಟ್ಟು ಬಿತ್ತು. ಬಗ್ಗಿದೆ. ಪಾದ ಮುಟ್ಟಿದೆ. ಹೆಮ್ಮೆಯಿಂದ ಎದ್ದು ನಿಂತೆ.

"ನೀನು ನಡು ಬಗ್ಸಿಲ್ಲ ಕಣವ್ವ, ಮಂಡಿ ಬಗ್ಸಿದ್ದೀಯ."

"ಇಲ್ಲ ಭಾವ, ದೇವ್ರಾಣೆ!"

ಟಿ.ವಿ.ಯಲ್ಲಿ ನನ್ನನ್ನು ಅರ್ಧಕ್ಕೆ ನಿಲ್ಲಿಸಿ ತೋರಿಸಿದರು. ಇಟ್ಟ ಆಣೆಯೂ ಹೋಯಿತು, ಇದ್ದ ಮಾನವೂ ಹೋಯಿತು! "ಬಾಯಿ ಸುಳ್ಳು ಯೋಳ್ತದೆ ಕಣವ್ವ, ಮಂಡಿ ಯೋಳಾಕಿಲ್ಲ," ಎಂದರು ಭಾವ, ಬೊಟ್ಟುಗಳನ್ನು ಜೋಪಾನವಾಗಿ ಕಿತ್ತು ಹಾಳೆಗೆ ಅಂಟಿಸಿಡುತ್ತಾ.

ನಾದಿನಿಯ ಮಾನ ತೆಗೆದರೆ ಕೇಳುವವರಿಲ್ಲ, ನಿಜ. ಆದರೆ ಇವರು ಆಗಸ್ಟ್ ಹದಿನೈದರಂದು ಹೆಡ್‌ಮಾಸ್ಟರರ ಸಲ್ಯೂಟನ್ನೂ ಹಿಡಿದು, ಶಾಲೆಯ ಟಿ.ವಿ.ಯಲ್ಲಿ ಎಲ್ಲ ಮೇಷ್ಟ್ರುಗಳ ಎದುರಿಗೆ, "ಸಾರ್, ತಮ್ಮ ಮೊಣಕೈ ಜೋತು ಬಿದ್ದದೆ," ಎಂದುಬಿಟ್ಟರು! ಒಂದೆರಡು ಡಿಗ್ರಿ ನೋಡಿಯೂ ನೋಡದ ಹಾಗಿದ್ದರೆ ಗಂಟೇನು ಹೋಗುತ್ತಿತ್ತು? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮರುದಿನದಿಂದ ಕ್ಯಾಮೆರಾ ಶಾಲೆಯ ಗೇಟು ದಾಟುವಂತಿಲ್ಲ ಎಂದು ಅಪ್ಪಣೆಯಾಯಿತು.

ಆ ಮಳೆಗಾಲದಲ್ಲೇ ಅಕ್ಕ ಹಿತ್ತಲಿನ ಪಾಚಿಯ ಮೇಲೆ ಜಾರಿ ಬಿದ್ದು ಬಲಭುಜದ ಮೂಳೆ ಮುರಿದುಕೊಂಡಳು. ಕಟ್ಟು ಬಿಚ್ಚಿ ನೋಡಿದರೆ ಕೈ ಭುಜದಿಂದ ಮೇಲಕ್ಕೆ ಏಳಲೊಲ್ಲದು! ದಿನಾ ವ್ಯಾಯಾಮ ಮಾಡಲೇಬೇಕು, ಈಗ ಬಿಟ್ಟರೆ ಕೈ ಹೀಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಸೊಂಟ ದಾಟುವ ಕೂದಲಿನ ನಮ್ಮಕ್ಕನಿಗೆ ತನ್ನ ಜಡೆ ತಾನು ಹಾಕಿಕೊಳ್ಳಲಾಗದೆಂಬುದೇ ದೊಡ್ಡ ದುಃಖ. ಭಾವನೇ ಹೆಣೆಯುತ್ತಿದ್ದರು. ವಾಲಿಬಾಲ್ ನೆಟ್ಟಿಗೆ ಗಂಟು ಹಾಕಿ ಪಳಗಿದ ಕೈ! ಅದನ್ನು ಬಿಚ್ಚುವುದಕ್ಕೆ ಪಕ್ಕದ ಮನೆಯವರು ಬರಬೇಕಾಗುತ್ತಿತ್ತು.

ಗೋಡೆಗೆ ಬೆರಳೂರಿ ಕೈಯನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವುದೇ ವ್ಯಾಯಾಮ. ಎರಡು ದಿನ ಮಾಡಿ, ನೋವು ತಾಳದೆ ಅತ್ತು, ಅಕ್ಕ ಕೈಚೆಲ್ಲಿದಳು. "ಎಡಗೈ ಅದೆಯಲ್ಲ, ಬುಡಿ ಅತ್ಲಾಗೆ!"

ಭಾವ ಬಿಟ್ಟಾರೆಯೇ? ಕ್ಯಾಮೆರಾ ನಡುಮನೆಯಲ್ಲಿ ಸ್ಟ್ಯಾಂಡ್ ಏರಿತು. ಅಕ್ಕನ ಭುಜ, ಮೊಣಕೈ, ಮಣಿಕಟ್ಟಿಗೆ ಬೊಟ್ಟು ಬಿದ್ದವು. ಬೆಳಿಗ್ಗೆ ಅವಳು ಬಾಗಿಲ ಪಕ್ಕ ನಿಂತು ಆದಷ್ಟು ಕೈ ಎತ್ತಬೇಕು. ಸಂಜೆ ಭಾವ ಅದನ್ನು ಟಿ.ವಿ.ಯಲ್ಲಿ ನಿಲ್ಲಿಸಿ, ಗಾಜಿನ ಮೇಲೆ ಬೊಟ್ಟಿನಿಂದ ಬೊಟ್ಟಿಗೆ ಸ್ಕೆಚ್ ಪೆನ್ನಿನ ಗೆರೆ ಎಳೆದು, ಟಿ.ವಿ.ಯ ಕೆಳಗಿನ ಅಂಚಿನಿಂದ ಗೆರೆ ಎಷ್ಟು ಎದ್ದಿದೆಯೆಂದು ಕೋನಮಾಪಕ ಇಟ್ಟು ಅಳೆಯುತ್ತಿದ್ದರು. ಗೆರೆ ಒರೆಸುವ ಪದ್ಧತಿ ಮಾತ್ರ ಆ ಮನೆಯಲ್ಲಿಲ್ಲ! ವಾರ್ತೆ ಓದುವ ಹೆಣ್ಣುಮಗಳಿಗೆ ದಿನಾ ಸಂಜೆ ಕೆಂಪು ಮೀಸೆ.

ಮೊದಮೊದಲು ಗೆರೆ ಜಗ್ಗಲಿಲ್ಲ. ಆಮೇಲೊಂದು ದಿನ ಭಾವನ ಫೋನು ಬಂತು. "ಗೆರೆ ಒಸಿ ಮ್ಯಾಕೆ ಹೋಗ್ಯದೆ ಕಣವ್ವ!" ಮುಂದಿನ ವಾರ ಇನ್ನೂ ಮೇಲೆ. ಅದರ ಮುಂದಿನ ವಾರ ಇನ್ನೂ ಇನ್ನೂ ಮೇಲೆ. ನನಗೆ ಖುಷಿಯೋ ಖುಷಿ.

ದೀಪಾವಳಿಗೆ ಮುಂಚೆ ಹೋದೆ. ಭಾವ ಶಾಲೆಯಲ್ಲಿದ್ದರು. ಕ್ಯಾಸೆಟ್ಟುಗಳನ್ನು ಒಂದಾದ ಮೇಲೊಂದು ಹಾಕಿ ನೋಡತೊಡಗಿದೆ. ಮೊದಲನೆಯದರಲ್ಲಿ ಅಕ್ಕನ ಕೈ ಭುಜದ ಮಟ್ಟದಲ್ಲಿದೆ. ಎರಡನೆಯದರಲ್ಲಿ ಕೊಂಚ ಎದ್ದಿದೆ. ಮೂರನೆಯದರಲ್ಲಿ ಚೆನ್ನಾಗಿ ಎದ್ದಿದೆ. ಆದರೆ ಅಕ್ಕನ ಹಿಂದಿನ ಬಾಗಿಲಿಗೇನಾಯಿತು? ಕುಡಿದವನಂತೆ ವಾಲಿಕೊಂಡಿದೆ! ಗೋಡೆಯ ಕ್ಯಾಲೆಂಡರೂ ವಾಲಿದೆ! ತಿರುಗಿ ನಿಜವಾದ ಬಾಗಿಲನ್ನು ನೋಡಿದೆ. ನೆಟ್ಟಗೇ ಇತ್ತು. ಕ್ಯಾಮೆರಾದ ಸ್ಟ್ಯಾಂಡ್ ನೋಡಿದೆ. ಅದರ ಒಂದು ಕಾಲಿನ ಕೆಳಗೆ ಹಂಚಿನ ಚೂರುಗಳು! ವಾಲಿದ್ದು ಕ್ಯಾಮೆರಾ. ಅಕ್ಕನ ಕೈ ಇದ್ದಲ್ಲೇ ಇತ್ತು. ಹೆಡ್‌ಮಾಸ್ಟರಿಗೆ ಒಂದು ಡಿಗ್ರಿ ಬಿಟ್ಟುಕೊಡದ ಮನುಷ್ಯ ಹೀಗೆ ಮಾಡುವುದೇ?

ಅಡುಗೆಮನೆಗೆ ಓಡಿದೆ. ಅಕ್ಕ ಎಡಗೈಯಲ್ಲಿ ಸಾರು ತಿರುವುತ್ತಿದ್ದಳು.

"ಅಕ್ಕಾ, ಭಾವ ಕ್ಯಾಮೆರಾನ..."

"ಗೊತ್ತು, ಸುಮ್ಕಿರು. ಬಾಗ್ಲು ವಾಲಿರಾದು ನಂಗೆ ಕಾಣ್ಸಾಕಿಲ್ವಾ? ಮುರ್ದಿದ್ದು ಕೈ ಕಣೆ, ಕಣ್ಣಲ್ಲ."

"ಮತ್ತೆ ಸುಮ್ನೆ ಯಾಕಿದ್ದೀಯ?"

ಅಕ್ಕ ಸೌಟು ಕೆಳಗಿಟ್ಟಳು. "ಒಂದಿನಾನೂ ಸುಳ್ಳು ಯೋಳ್ದೋರಲ್ಲ ಅವ್ರು. ನಾನು ಕೈ ಎತ್ತಾದು ಬುಟ್ಬುಟ್ಟೇನು ಅಂತ ಹಂಚಿನ್ ಚೂರು ಮಡಗಿ ಸುಳ್ಳು ಯೋಳ್ತಾವ್ರೆ. ಅದ್ನ ನಿಜ ಮಾಡ್ದೆ ಬುಡಾಕಾಯ್ತದಾ? ಅವ್ರು ಸ್ಕೂಲಿಗೆ ಹೋಗಿದ್ದೇ ಗ್ವಾಡೆ ಮುಂದೆ ನಿಂತ್ಕತೀನಿ. ನೋಯ್ತದೆ ಕಣೆ. ನೋಯ್ಲಿ."

ಆವತ್ತು ಸಂಜೆ ಭಾವ ಗೆರೆ ಎಳೆದಾಗ ಕೋನಮಾಪಕ ನಾನೇ ತಂದುಕೊಟ್ಟೆ.

ಯುಗಾದಿಗೆ ಮತ್ತೆ ಹೋದಾಗ ಉಳಿದ ಕ್ಯಾಸೆಟ್ಟುಗಳನ್ನೂ ನೋಡಿದೆ. ಗೆರೆಯ ಲೆಕ್ಕಕ್ಕೆ ಕೈ ಅಷ್ಟೇ ಎತ್ತರದಲ್ಲಿದೆ, ಬಾಗಿಲು ಮಾತ್ರ ವಾರದಿಂದ ವಾರಕ್ಕೆ ನೆಟ್ಟಗಾಗುತ್ತಾ ಬಂದಿದೆ. ಅಕ್ಕನ ಕೈ ನಿಜವಾಗಿ ಎದ್ದ ಹಾಗೆಲ್ಲ ಭಾವ ಸದ್ದಿಲ್ಲದೆ ಹಂಚಿನ ಚೂರು ಒಂದೊಂದೇ ತೆಗೆದಿದ್ದಾರೆ.

ಕೊನೆಯ ಕ್ಯಾಸೆಟ್ಟಿನಲ್ಲಿ ಬಾಗಿಲು ನೆಟ್ಟಗೆ ನಿಂತಿದೆ. ಅಕ್ಕ ಬೆನ್ನು ಮಾಡಿ, ಎರಡೂ ಕೈ ತಲೆಯ ಹಿಂದಕ್ಕೆ ಒಯ್ದು, ನಿಧಾನವಾಗಿ ತನ್ನ ಜಡೆ ತಾನೇ ಹೆಣೆಯುತ್ತಿದ್ದಾಳೆ. ಹೆಣೆದು ಮುಗಿಸಿದ ಮೇಲೆ ಕ್ಯಾಮೆರಾದ ಹಿಂದಿನಿಂದ ಭಾವನ ದನಿ ಕೇಳುತ್ತದೆ.

"ಬಿಚ್ಚಿ ಇನ್ನೊಂದ್ ಸಲಿ ಹಾಕ್ಕೊ."

"ಯಾಕೆ, ಅಳತೆ ಸಿಗ್ನಿಲ್ವಾ?"

"ಅಳತೆಗಲ್ಲ ಕಣೆ. ನೋಡಾಕೆ."