ಅಂತರಿಕ್ಷದಲ್ಲಿ ಸಿಲಿಂಡರ್ ಖಾಲಿ

ಊರು ಬಿಟ್ಟು ಬಂದವರು ಫೋನಿನಲ್ಲಿ ಹೇಳುವ ಸುಳ್ಳುಗಳಲ್ಲಿ ತೀರಾ ನಿರಪಾಯದ್ದೊಂದಿದೆ: ಮಕ್ಕಳು ಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತಾರೆ ಎನ್ನುವುದು. ನಾನೂ ಹೇಳಿದ್ದೆ. ಕೋಲ್ಕತ್ತಾದ ಸದರ್ನ್ ಅವೆನ್ಯೂ ಹತ್ತಿರ ಪುಟ್ಟದೊಂದು ಉಡುಪಿ ಹೋಟೆಲು ನಡೆಸುವವನಿಗೆ ಊರಿನಲ್ಲಿ ಕೊಚ್ಚಿಕೊಳ್ಳಲು ಬೇರೇನಿದೆ? "ಅದಿತಿ ಅರಳು ಹುರಿದ ಹಾಗೆ ಮಾತಾಡ್ತಾಳೆ ಅಮ್ಮ" ಎಂದು ವರ್ಷಗಟ್ಟಲೆ ಹೇಳಿದೆ. ಅಮ್ಮ ಅದನ್ನು ನಂಬಿ, ಮೊಮ್ಮಗಳ ಮಾತು ಕೇಳುವುದಕ್ಕೆಂದೇ ಹೌರಾದಲ್ಲಿ ರೈಲಿಳಿದಳು. ಎಂಟನೇ ಕ್ಲಾಸಿನ ನನ್ನ ಮಗಳು ಅಜ್ಜಿಯ ಅಷ್ಟೂ ಪ್ರಶ್ನೆಗಳಿಗೆ "ಹೂಂ ಅಜ್ಜಿ", "ಓಕೆ ಅಜ್ಜಿ" ಎಂಬೆರಡೇ ಉತ್ತರ ಕೊಟ್ಟಳು. ನಾಲ್ಕನೇ ದಿನ ಅಮ್ಮ "ಅರಳು ಹುರಿದು ಆಗ್ಲಿಲ್ವಾ ಮಾರಾಯ ಇನ್ನೂ?" ಎಂದು ಕೇಳಿದಾಗ ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಬೇಸರವಾಯಿತು. ಅಷ್ಟು ದೂರ ಬಂದವಳು ಮೊಮ್ಮಗಳ ನಾಲ್ಕು ಮಾತು ಕೇಳದೆ ವಾಪಸು ಹೋಗಬೇಕೇ?

ನಾನು ಪ್ರಯತ್ನಪಡಲಿಲ್ಲವೆಂದಲ್ಲ. ಹೋಟೆಲಿಗೆ ರಜೆಯಿರುವ ಸೋಮವಾರಗಳಲ್ಲಿ ಅವಳಿಗೆ ಕನ್ನಡ ಪಾಠ ಹೇಳಲು ಕೂತದ್ದುಂಟು. ಐದು ವರ್ಷದಲ್ಲಿ ಪುಸ್ತಕದ ಆರನೇ ಪುಟ ದಾಟಲಿಲ್ಲ, ಅದರಲ್ಲೂ ಎರಡು ಪುಟ ಬರೀ ಚಿತ್ರ. ಶಾಲೆ ಬಿಟ್ಟ ಮೇಲೆ ಅವಳು ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಾಳೆ. ಒಳಗೆ ಅಡುಗೆ ಭಟ್ಟರೂ ನಾನೂ ಆಡುವ ಮಾತು ಕಿವಿಗೆ ಬೀಳದಿರಲೆಂದು ಒಳ್ಳೆಯ ಹೆಡ್‌ಫೋನ್ ಕೂಡ ತೆಗೆಸಿಕೊಟ್ಟಿದ್ದೆ.

ಅಂಥದೊಂದು ಸೋಮವಾರ, ಶಾಲೆಗೂ ರಜೆ ಇತ್ತು, ಮಗಳು ನಮ್ಮನ್ನೆಲ್ಲ ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಇಂಗ್ಲಿಷಿನ ಅಂತರಿಕ್ಷ ಯುದ್ಧ, ಎರಡನೇ ಭಾಗ. ಮೊದಲ ಭಾಗವನ್ನು ನಾನೂ ನೋಡಿದ್ದೆ, ಅಂದರೆ ದೀಪ ಆರಿದ್ದು ನೋಡಿದ್ದೆ, ದೀಪ ಹತ್ತಿದ್ದು ನೋಡಿದ್ದೆ. ಆದ್ದರಿಂದ ಅಮ್ಮ ನನ್ನ ತೋಳು ತಿವಿದು "ಆ ಕಪ್ಪು ಅಂಗಿಯವ ಯಾರು?" ಎಂದಾಗ "ಕಳ್ಳ ಇರಬೇಕು" ಎಂದುಬಿಟ್ಟೆ.

"ಎಂತ ಕದ್ದದ್ದು?"

ಆಗ ಅಮ್ಮನ ಆಚೆಗಿನ ಸೀಟಿನಿಂದ ದನಿ ಬಂತು. "ಅಜ್ಜಿ, ಅವ ಕಳ್ಳ ಅಲ್ಲ. ಮೊದ್ಲು ಇವ್ರದ್ದೇ ಭಟ್ರು. ಜಗಳ ಮಾಡಿ ಬಿಟ್ಟು ಹೋದ. ಈಗ ಎದುರಿಗೇ ಬೇರೆ ಹೋಟೆಲ್ ಹಾಕಿದ್ದಾನೆ."

ನಾನು ಬಗ್ಗಿ ನೋಡಿದೆ. ನನ್ನ ಮಗಳೇ!

"ಹಾಗೆ ಹೇಳು!" ಅಮ್ಮ ನೆಟ್ಟಗೆ ಕೂತಳು. "ಮತ್ತೆ ಈ ವಿಮಾನ ಯಾಕೆ ನಿಂತದ್ದು?"

"ಸಿಲಿಂಡರ್ ಖಾಲಿ. ಸ್ಪೇರ್ ಕೂಡ ಇಲ್ಲ. ಒಳಗೆ ಗಿರಾಕಿ ಫುಲ್ಲು."

"ಅಯ್ಯೋ ದೇವರೇ!" ಅಮ್ಮನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಾಲ್ಕು ದಶಕ ಹೋಟೆಲಿನವನ ಹೆಂಡತಿಯಾಗಿ ಬಾಳಿದವಳು. ಆ ಸಂಕಟ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಇಬ್ಬರನ್ನೂ ಹಿಡಿಯುವವರಿಲ್ಲ. ಗ್ರಹಗಳೆಲ್ಲ ಬ್ರಾಂಚುಗಳಾದವು, ಯಂತ್ರಮಾನವರು ಸಪ್ಲೈಯರುಗಳಾದರು. ಎದುರು ಸೀಟಿನ ಬಂಗಾಳಿ ಮಹಾಶಯರು ಎರಡು ಸಲ ತಿರುಗಿ ನೋಡಿದರು. ಇಂಟರ್‌ವಲ್‌ನಲ್ಲಿ ನಾನು ಕೈಮುಗಿಯಲು ಹೊರಟರೆ, ಅವರು ಇದು ಯಾವ ಭಾಷೆಯೆಂದು ಹಿಂದಿಯಲ್ಲಿ ವಿಚಾರಿಸಿದರು. "ಕನ್ನಡ. ನನ್ನ ಮಗಳು, ನಾನೇ ಕಲಿಸಿದ್ದು" ಎಂದೆ. ನನ್ನ ಹೆಂಡತಿ ಪಾಪ್‌ಕಾರ್ನ್ ಗಂಟಲಿಗೆ ಸಿಕ್ಕವಳಂತೆ ಕೆಮ್ಮಿದಳು. ಕೆಮ್ಮಲಿ. ಆ ಹೆಡ್‌ಫೋನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೇ ಇತ್ತು, ಅಡುಗೆಮನೆಯ ಮಾತೆಲ್ಲ ಅವಳ ಕಿವಿಗೆ ಬೀಳುತ್ತಲೇ ಇತ್ತು ಎಂದು ನನಗೂ ಆಗ ಹೊಳೆದಿತ್ತು.

ಇಂಟರ್‌ವಲ್ ಮುಗಿದ ಮೇಲೆ ಚಕ್ರವರ್ತಿ ಬಂದ. ಎಲ್ಲರ ಮುಖಕ್ಕೂ ಬೆರಳು ತೋರಿಸಿ ಗರ್ಜಿಸುವ ಮಹಾದುಷ್ಟ.

"ಇವ ಯಾರು ಅದಿತಿ?"

"ಇವ ಯಜಮಾನ. ಬೆಳಿಗ್ಗೆಯಿಂದ ಬರೀ ಬೊಬ್ಬೆ. ಯಾರೂ ಹೆದರುದಿಲ್ಲ ಅಜ್ಜಿ, ಅವ್ರವ್ರ ಕೆಲ್ಸ ಅವ್ರೇ ಮಾಡ್ತಾರೆ."

ಅಮ್ಮ ಆ ಕತ್ತಲಲ್ಲೂ ಒಮ್ಮೆ ತೆರೆಯನ್ನೂ ಒಮ್ಮೆ ನನ್ನನ್ನೂ ನೋಡಿದಳು.

ಸಂಜೆ ಮನೆಯಲ್ಲಿ ಅವಳು ಚಿಕ್ಕಮ್ಮನಿಗೆ ಫೋನು ಹಚ್ಚಿದಳು. "ನಮ್ಮ ಅದಿತಿ ಗೊತ್ತುಂಟಾ, ಅರಳು ಹುರಿದ ಹಾಗೆ ಮಾತಾಡ್ತಾಳೆ. ಇಡೀ ಸಿನಿಮಾ ಕನ್ನಡದಲ್ಲಿ ಹೇಳಿದ್ಲು!" ಹೆಮ್ಮೆಯಿಂದ ನನ್ನ ಎದೆ ತುಂಬಿ ಬಂತು. ಖಳನಾಯಕ ಯಾರು, ಹೇಗಿದ್ದ ಎಂದು ಚಿಕ್ಕಮ್ಮ ಕೇಳಿರಬೇಕು.

"ಇಲ್ಲೇ ಕೂತಿದ್ದಾನೆ, ಕೊಡ್ಲಾ?" ಎಂದಳು ಅಮ್ಮ.

ನಾನು ಎದೆಯುಬ್ಬಿಸಿಕೊಂಡೇ ಫೋನು ತೆಗೆದುಕೊಂಡೆ.