ಶಾಹಿ ಟಗರು ಮತ್ತು ನನ್ನ ಪುಕ್ಕಟೆ ಆ್ಯಪ್

ಯಾರಿಗಾದರೂ ಏನನ್ನಾದರೂ ಪುಕ್ಕಟೆ ಕೊಡಲು ಹೋಗಿ ನೋಡಿ, ಅದರಷ್ಟು ಅವಮಾನದ ಕೆಲಸ ಇನ್ನೊಂದಿಲ್ಲ. ಜಹೀರಾಬಾದಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾದ ನನಗೆ ಕಂಪ್ಯೂಟರಿನ ಚಟ. ಕಂಗ್ಟಿ ಕಡೆಯ ಮಾವನ ಮನೆಯವರು ಕುರಿ ಸಾಕುವವರು. ಯಾವ ಕುರಿಗೆ ಯಾವಾಗ ಜಂತುಹುಳದ ಔಷಧ ಎಂಬುದನ್ನು ಮರೆತು ಅವರು ಒದ್ದಾಡುವುದನ್ನು ಕಂಡು, ಆರು ತಿಂಗಳ ಭಾನುವಾರಗಳನ್ನೆಲ್ಲ ಹಾಳುಮಾಡಿಕೊಂಡು, ಫೋನಿನಲ್ಲಿ ನೆನಪಿಸುವ ಆ್ಯಪ್ ಒಂದನ್ನು ಮಾಡಿದೆ. ಹೊತ್ತಿಗೆ ಸರಿಯಾಗಿ ಅದರಲ್ಲಿ ನನ್ನದೇ ದನಿ ಕೂಗುತ್ತದೆ: “ಏಳಪ್ಪಾ, ಔಷಧ ಹಾಕು!” ಹಿಂದೆ ನಮ್ಮ ಮನೆಯ ಕುಕ್ಕರಿನ ಸೀಟಿಯೂ ಕೇಳಿಸುತ್ತದೆ, ಅದನ್ನು ತೆಗೆಯಲು ನನಗೆ ಬರಲಿಲ್ಲ. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹೆಸರು ಬದಲಿಸಿ ಹಂಚಲಿ ಎಂದು ದೊಡ್ಡ ಮನಸ್ಸಿನಿಂದ ಬರೆದೂ ಹಾಕಿದೆ.

ಯಾರೂ ಮುಟ್ಟಲಿಲ್ಲ. ಹೆಂಡತಿಯ ದೊಡ್ಡಪ್ಪನಂತೂ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡರು. “ಪುಕ್ಕಟ ಕೊಡ್ಲಾಕತ್ತೀರಿ ಅಂದ್ರ ಏನೋ ಐಬ್ ಇರಬೇಕ್ರಿ ಅಳಿಯಂದಿರ. ನಮ್ಮ ಕುರಿ ಎಷ್ಟವ ಅಂತ ಬ್ಯಾರೆ ಕೇಳ್ತದ!” ಕುರಿಯ ಎಣಿಕೆ ಹೊರಗೆ ಹೇಳಿದರೆ ದೃಷ್ಟಿ ತಾಗುತ್ತದಂತೆ. ನನಗೆ ಊಟ ಸೇರದಾಯಿತು. ಆಫೀಸಿನಲ್ಲಿ ಕೂತಲ್ಲಿ ಕೂರಲಾಗದೆ, ಎಷ್ಟು ಜನ ಇಳಿಸಿಕೊಂಡರು ಎಂದು ಗಂಟೆಗೊಮ್ಮೆ ನೋಡುತ್ತಿದ್ದೆ. ಒಬ್ಬರು. ಅದು ನಾನೇ.

“ಊರಿಗೆಲ್ಲ ಕೊಡ್ತೀನಂದ್ರ ಯಾರ್ ತಗೋತಾರ್ರಿ? ವಾರಕ್ಕ ಹತ್ತೇ ಮಂದಿಗಿ ಅನ್ರಿ,” ಎಂದಳು ಹೆಂಡತಿ ಶರಣಮ್ಮ.

ನನಗೆ ಸಿಟ್ಟು ಬಂತು. “ಅದೇನ್ ಜ್ವಾಳೇನ, ತೀರಿ ಹೋಗಾಕ? ನಿನ್ನ ಹೆಪ್ಪಿನ ಹಾಂಗ, ಎಷ್ಟ್ ಮನಿಗಿ ಕೊಟ್ರೂ ನಮ್ಮ ಮೊಸರು ನಮಗ ಇರ್ತದ!”

“ಹೌದ್ರಿ. ಆದ್ರೂ ಹೆಪ್ಪು ನಾ ಎಲ್ಲಾರಿಗೂ ಕೊಡಂಗಿಲ್ಲ. ಅದಕ್ಕೇ ಕೇಳ್ಕೋತ ಬರ್ತಾರ.”

ಎರಡು ತಿಂಗಳಾದ ಮೇಲೆ ನಾರಾಯಣಖೇಡದ ಸಂತೆಯಲ್ಲಿ ಅದೇ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದರು. “ಯಾರಿಗೂ ಹೇಳಬ್ಯಾಡ್ರಿ. ‘ಶಾಹಿ ಟಗರು’ ಅಂತ, ರಾಜಾ ಟಗರಿನ ಆ್ಯಪ್, ತಾಂಡೂರಿಂದ ಬಂದದ. ಗುರ್ತಿನವರಿಗಷ್ಟೇ ಕೊಡ್ತಾರ.” ಫೋನಿನಲ್ಲಿ ಸುರುಳಿ ಕೊಂಬಿನ ಟಗರೊಂದು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಅವರು ಒತ್ತಿದರು. “ಏಳಪ್ಪಾ, ಔಷಧ ಹಾಕು!” ಹಿಂದೆಯೇ ಕುಕ್ಕರಿನ ಸೀಟಿ.

“ದನಿ ಕೇಳ್ರಿ, ದೊಡ್ಡ ಡಾಕ್ಟರಂದೇ ಇರಬೇಕು,” ಎಂದರು ದೊಡ್ಡಪ್ಪ.

“ಕುರಿ ಎಷ್ಟವ ಅಂತ ಹೇಳಿದ್ರೇನು?”

“ಹೇಳ್ದೆ ಬಿಡ್ತೀನಾ? ಮರಿ ಸೈತ ಹೇಳೀನಿ!”

ಮನೆಗೆ ಬಂದು ಕೂಗಾಡಿದೆ. ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಾನೇ ಕಳಿಸಿದ್ದೆ, ತಾಂಡೂರದಾಗಿನ ನಮ್ಮ ತಮ್ಮ ಟಗರಿನ ಚಿತ್ರ ಹಚ್ಯಾನ. ಹೆಸರು ಬದಲಿ ಮಾಡ್ರಿ ಅಂತ ನೀವೇ ಬರ್ದೀರಲ್ಲ?”

ಬರೆದಿದ್ದೆ. ಕುರಿಗಳಿಗೆ ಹೊತ್ತಿಗೆ ಸರಿಯಾಗಿ ಔಷಧ ಸಿಗುತ್ತಿದೆ, ಸಂತೋಷಪಡಬೇಕಾದ ಮಾತೇ. ಆದರೂ ಹೊಟ್ಟೆ ಉರಿಯಿತು. ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ನನ್ನ ಫೋನ್ ತೆಗೆದು ನೋಡಿದೆ. ಎಲ್ಲ ಅದೇ, ಅಕ್ಷರ ಅಕ್ಷರವೂ ನಾನೇ ಬರೆದದ್ದು. ಆದರೆ ಟಗರಿಲ್ಲ.

“ನನಗೂ ಒಂದ್ ಕಳಸಾಕ ಹೇಳು,” ಎಂದೆ, ಬೇರೆ ಕಡೆ ನೋಡುತ್ತ.

“ಈ ವಾರದ ಹತ್ತೂ ಮುಗದಾವ್ರಿ.”

“ಹಂಗಾರ ಮುಂದಿನ ವಾರ ನನ್ನ ಹೆಸರೇ ಮೊದಲ ಬರಿ!”

ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದೆ. ಬೆಳಗಿನಿಂದ ಎರಡು ಸಲ ಎಣಿಸಿದ್ದೇನೆ.